ಸುಕ್ಕು

ನೆರಳು ತೆಗೆಯಲು ಅತ್ತಿಮರ ಹತ್ತಿದ ಕುಳಿಯ
ಕೊಂಬೆಯ ಜೊತೆಗೇ ಇಳಿದಿದ್ದ.
ವಿರಾಜಪೇಟೆಯ ಆಸ್ಪತ್ರೆಗೆ ಜೀಪಿನಲ್ಲಿ ತಂದರು.
ತೊಡೆಯ ಮೂಳೆ ಎರಡಾಗಿತ್ತು,
ಮುಷ್ಟಿ ಮಾತ್ರ ಬಿಚ್ಚಿರಲಿಲ್ಲ.
ಸೂಜಿ ಚುಚ್ಚಲೆಂದು
ಒಂದೊಂದೇ ಬೆರಳು ಬಿಡಿಸಿದವಳು ನಾನು.
ಒಳಗೆ ಸೀತಾಳೆ ದಂಡೆ,
ಜಜ್ಜಿದ ಹೂಗೊಂಚಲಿನ ಸಮೇತ.

ಮದ್ದಿನ ಬೀರುವಿನ ಮೇಲಿಟ್ಟೆ, ಫ್ಯಾನಿನ ಕೆಳಗೆ.
ಅವನನ್ನು ಅಂದೇ ರಾತ್ರಿ ಮೈಸೂರಿಗೆ ಕಳಿಸಿದರು.
ಗಿಡವನ್ನು ಮರೆತೆ.
ಮೇ ತಿಂಗಳು. ಹದಿನಾರು ದಿನ.

ಗುಡಿಸುವ ಲೀಲಾವತಿ ಅದನ್ನು ಬಕೆಟ್ಟಿಗೆ ಹಾಕುವಾಗ
ತಡೆದದ್ದು ಯಾಕೋ.
ಎಲೆ ಚಿವುಟಿದೆ, ಅಭ್ಯಾಸಬಲ.
ವಾಂತಿಭೇದಿಯ ಕೂಸಿನ ಹೊಟ್ಟೆಯ ಚರ್ಮ
ಎತ್ತಿ ಬಿಟ್ಟರೂ ಎತ್ತಿದಂತೆಯೇ ಇರುತ್ತದಲ್ಲ,
ಹಾಗೆ ನಿಂತಿತು ಸುಕ್ಕು.

ಮನೆಯಲ್ಲಿ ಸ್ಪಿರಿಟ್ ಒರೆಸಿದ ಬ್ಲೇಡು ಹಿಡಿದು ಕೂತೆ.
ನೀರು ಬಿದ್ದರೆ ಹಸಿರಾಗಬೇಕಿದ್ದ ಬೆಳ್ಳಿ ಬೇರು
ಮುಟ್ಟಿದರೆ ಸಿಪ್ಪೆ ಕಳಚಿ, ದಾರವಷ್ಟೇ ಉಳಿದು
ಕೈಗೇ ಬಂತು.
ಏಳು ಬೇರು. ಏಳೂ.
ಎಲ್ಲವೂ ಒಂದೇ ಕಡೆಗೆ ಹರಿದಿದ್ದವು,
ಯಾರೋ ಎಳೆದ ಹಾಗೆ. ಆಗ ಅದು ಹೊಳೆಯಲಿಲ್ಲ.
ಕತ್ತರಿಸಿದ ಗಾಯಕ್ಕೆ
ಅಡುಗೆಮನೆಯ ಚಕ್ಕೆಪುಡಿ.

ಮನೆಯೊಡತಿ ಚೋಂದಮ್ಮ ಬಾಗಿಲಲ್ಲೇ ನಿಂತು
"ಇದರ ಕತೆ ಮುಗಿದಿದೆ, ಸಿಸ್ಟರ್.
ನಮ್ಮ ತೋಟದ ಹಲಸಿನಲ್ಲಿ ಬೇಕಾದಷ್ಟಿದೆ,
ಒಂದು ಕಿತ್ತು ಕೊಡಲಾ?" ಎಂದರು.
ಹೂಂ ಅಂದೆ, ಸುಮ್ಮನೆ.
ಬೇರೆ ರೋಗಿ ಕೊಡಲಾ ಎಂದು ಕೇಳಿದ ಹಾಗಾಯಿತು.

ನರ ಸಿಗದ ಕೈಗೆ
ಬಾಟಲಿ ತೂಗಿಸಿ ಏನು ಫಲ?
ಬೇರಿಲ್ಲದ್ದಕ್ಕೆ ನೀರು ಹೊಯ್ದರೆ ಕೊಳೆತೇ ಹೋಗುತ್ತದೆ.
ಬಾಯಾರಿದ್ದಕ್ಕೆ ನೀರು ಕೊಡಬಾರದು,
ನೀರಿನ ಸುದ್ದಿಯನ್ನಷ್ಟೇ ಕೊಡಬೇಕು.
ಹಾರ್ಲಿಕ್ಸ್ ಬಾಟಲಿಯ ತಳದಲ್ಲಿ
ಬೆರಳಗಲ ನೀರು, ಹಿಂಡಿದ ಪಾಚಿ,
ಯಾವುದಕ್ಕೂ ತಾಗದಂತೆ
ಬ್ಯಾಂಡೇಜಿನ ಪಟ್ಟಿಯಲ್ಲಿ ತೂಗುವ ಗಿಡ.
ದಿನಕ್ಕೆರಡು ಸಲ ಮುಚ್ಚಳ ತೆಗೆದರೆ ಅದಕ್ಕೆ ಗಾಳಿ.
ಉಳಿದ ಹೊತ್ತು ಗಾಜಿನೊಳಗೆ
ಅದರದೇ ಮಂಜು.

ಕ್ಯಾಲೆಂಡರಿನ ಬೆನ್ನಿಗೆ ಚಾರ್ಟು ಬರೆದೆ.
ಜೂನ್ ಒಂಬತ್ತು: ಬದಲಾವಣೆ ಇಲ್ಲ.
ಹದಿನೇಳು: ಇಲ್ಲ.
ಇಪ್ಪತ್ತಾರು: ತಳದ ಎಲೆ ಹಳದಿ.
ಕಿತ್ತೆಸೆಯಬೇಕೆಂದಿದ್ದೆ,
ರಾತ್ರಿ ಪಾಳಿಗೆ ತಡವಾಗಿತ್ತು, ಕೀಳಲಿಲ್ಲ.
ಅಷ್ಟೇ ನನ್ನ ಜಾಣತನ.
ಅದು ಸಾಯುತ್ತಿರಲಿಲ್ಲ,
ತನ್ನ ಎಲೆಯನ್ನು ತಾನೇ
ತೊಟ್ಟು ತೊಟ್ಟಾಗಿ ಕುಡಿಯುತ್ತಿತ್ತು.

ಮತ್ತೆರಡು ವಾರಕ್ಕೆ, ಎಲೆಯ ಸಂದಿನಲ್ಲಿ
ಸೊಳ್ಳೆ ಕಚ್ಚಿದಷ್ಟು ಉಬ್ಬು.
ಆಮೇಲೆ ಮೂಗುಬೊಟ್ಟಿನಷ್ಟು ಹಸಿರು.
ಅದು ಹೊರಟದ್ದು ಕೆಳಗಿನ ನೀರಿಗಲ್ಲ,
ಪಕ್ಕಕ್ಕೆ, ಗಾಜಿಗೆ,
ಹಿಡಿದುಕೊಳ್ಳಲು ಏನಾದರೂ ಸಿಗುತ್ತದೋ ಎಂದು.

ಕಕ್ಕಡದಲ್ಲಿ ಕುಳಿಯ ಬಂದ, ಎಕ್ಸ್‌ರೇಗೆ.
ಊರುಗೋಲು ಎರಡು, ಮುಖ ಅರ್ಧ.
"ನನ್ನ ಕೈಯಲ್ಲೊಂದು ದಂಡೆ ಇತ್ತಲ್ಲ?"
ಊಟದ ಹೊತ್ತಿಗೆ ಮನೆಗೆ ಓಡಿ
ಕೊಡೆಯ ಕೆಳಗೆ ಬಾಟಲಿ ತಂದೆ.
ಹೆಂಡತಿಗೆಂದು ಕಿತ್ತದ್ದಾ, ಕೇಳಿದೆ.

"ಕೀಳಲಿಲ್ಲ ಸಿಸ್ಟರ್.
ಕೊಂಬೆ ಮುರಿದಾಗ ಕೈಗೆ ಸಿಕ್ಕಿದ್ದು ಇದೊಂದೇ.
ಚಿಟಿಕೆ ಹೊಡೆಯುವಷ್ಟು ಹೊತ್ತು
ಮರವನ್ನು ಬಿಡಲಿಲ್ಲ ಇದು.
ಅಷ್ಟರಲ್ಲಿ ನಾನು ತಿರುಗಿದೆ,
ಕಾಲು ಕೆಳಗಾಯಿತು. ಇಲ್ಲದಿದ್ದರೆ ತಲೆ."

ಬ್ಲೇಡು ಹಿಡಿದಿದ್ದ ಬೆರಳುಗಳನ್ನು
ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡೆ.

"ಎಷ್ಟು ಬೇರು ಬಂದಿದೆ?"
"ಒಂದು."

ಊರುಗೋಲನ್ನು ಗೋಡೆಗೆ ಒರಗಿಸಿ
ಒಂಟಿಕಾಲಲ್ಲಿ ನಿಂತು
ಅವನು ಬಾಟಲಿಯನ್ನು ಬೆಳಕಿಗೆ ಹಿಡಿದ.