ನನಗಿಂತ ಮೊದಲಿನ ಲೊವೀನಾ

ನಾನು ಹುಟ್ಟುವ ಮೊದಲೇ
ನನ್ನ ಹೆಸರು ಕಲ್ಲಿನ ಮೇಲಿತ್ತು.
ಅಕ್ಷರ ಕಲಿತದ್ದೂ ಅಲ್ಲೇ, ಬೆರಳಾಡಿಸಿ:
ಲೊ, ವೀ, ನಾ.
ಪಾಚಿ ಕೆರೆದರೆ ಕೆಳಗೆ ವಯಸ್ಸು:
ನಾಲ್ಕು ವರ್ಷ, ಎರಡು ತಿಂಗಳು, ಒಂಬತ್ತು ದಿನ.
ವರ್ಮಾಂಟಿನ ನಮ್ಮ ಗುಡ್ಡದಲ್ಲಿ
ಸತ್ತವರಿಗೆ ದಿನದವರೆಗೂ ಲೆಕ್ಕ,
ಉಣ್ಣೆಯ ತೂಕ ಬರೆದ ಹಾಗೆ.
ಬದುಕಿದ್ದವರನ್ನು ಯಾರೂ ಎಣಿಸುತ್ತಿರಲಿಲ್ಲ.

ಅವಳು ಹೋದದ್ದು ಫೆಬ್ರವರಿಯಲ್ಲಿ, ಗಂಟಲುಬೇನೆ.
ಹಾರೆ ಹಾಕಿದರೆ ನೆಲ ಠಣ್ಣೆಂದಿತಂತೆ,
ಹಾರೆಯ ಮೂತಿಯೇ ಮಡಿಚಿತಂತೆ.
ಮೇಪಲ್ ಹಾಲು ಹಿಡಿಯುವ ಬಕೆಟ್ಟುಗಳಿಗೆಂದು
ಅಪ್ಪ ಒಣಗಿಸಿಟ್ಟ ಪೈನ್ ಹಲಗೆ
ಆ ರಾತ್ರಿ ಬೇರೆ ಅಳತೆಗೆ ಕೊಯ್ಯಿಸಿಕೊಂಡಿತು.
ಮೇ ತಿಂಗಳವರೆಗೆ ಪೆಟ್ಟಿಗೆ ಕೊಟ್ಟಿಗೆಯ ಅಟ್ಟದಲ್ಲಿ,
ಹುಲ್ಲಿನ ಮಗ್ಗುಲಲ್ಲಿ.
ಕೆಳಗೆ ದನಗಳ ಉಸಿರು ಮೇಲೇರುತ್ತಿತ್ತು.
ಅಣ್ಣ ಓರಿನ್, ಒಂಬತ್ತರ ಹುಡುಗ,
ಇಲಿ ಬರಬಾರದೆಂದು ಬೆಕ್ಕನ್ನು ಹಿಡಿದು ತಂದು
ಅಲ್ಲಿ ಕೂಡಿಹಾಕಿದನಂತೆ. ಕೈಯೆಲ್ಲ ಪರಚಿತ್ತು.
ಯಾರೂ ಬೈಯಲಿಲ್ಲ. ಅದೇ ಅವನಿಗೆ ಭಯವಾದದ್ದು.

ಅಮ್ಮನ ದಿನಚರಿ ಸಣ್ಣದು, ಅಂಗೈಯಷ್ಟು:
“ಬುಧವಾರ. ಬೆಣ್ಣೆ ಹನ್ನೊಂದು ಪೌಂಡು.
ಗುರುವಾರ. ಉತ್ತರದ ಗಾಳಿ. ಲೊವೀನಾ, ಬೆಳಗಿನ ಜಾವ ನಾಲ್ಕಕ್ಕೆ.
ಶುಕ್ರವಾರ. ನೂಲು ತೆಗೆದೆ.”
ನಾಲ್ಕಕ್ಕೆ ಏನು, ಎಂದು ಬರೆದಿಲ್ಲ.
ವಾಕ್ಯ ಅಲ್ಲೇ ನಿಂತಿದೆ,
ಹೊಸಿಲಲ್ಲಿ ನಿಂತು ಒಳಗೆ ಬಾರದವರ ಹಾಗೆ.

ಆಮೇಲೆ ನಾನು ಬಂದೆ.
ಅವಳ ತೊಟ್ಟಿಲು, ಅವಳ ಹಲ್ಲಿನ ಗುರುತಿದ್ದ ಚಮಚ,
ಅವಳ ನೀಲಿ ಫ್ರಾಕು. ಅವಳ ಹೆಸರೂ ಅದರ ಜೊತೆಗೇ,
ಚೆನ್ನಾಗಿದ್ದದ್ದನ್ನು ಯಾಕೆ ಹಾಳು ಮಾಡುವುದು ಎಂಬಂತೆ.
ಅಮ್ಮ ಕರೆದಾಗ ಒಮ್ಮೊಮ್ಮೆ
ಧ್ವನಿ ನನ್ನನ್ನು ದಾಟಿ ಹೋಗುತ್ತಿತ್ತು.
ನಾನು ತಿರುಗಿ ನೋಡುತ್ತಿದ್ದೆ, ಹಿಂದೆ ಯಾರು ಎಂದು.
“ಲೊವೀನಾಗೆ ಬಟಾಣಿ ಸೇರುತ್ತಿತ್ತು,” ಅಂದಳು ಒಮ್ಮೆ.
ಬಟಾಣಿ ನನಗೆ ಸೇರದು. ತಿಂದೆ.
ಅವಳ ಬೂಟು ನನಗೆ ಬಿಗಿ. ಹೇಳಲಿಲ್ಲ.
ಹೆಬ್ಬೆರಳು ಮಡಿಚಿ ನಡೆಯಲು ಕಲಿತೆ.

ಎಣಿಸುತ್ತಿರಲಿಲ್ಲ ಅಂದೆನಲ್ಲ, ತಪ್ಪು.
ಒಬ್ಬಳು ಎಣಿಸುತ್ತಿದ್ದಳು.
ಅಕ್ಟೋಬರ್, ಸೇಬು ಅರೆಯುವ ಕಾಲ,
ಎಲ್ಲರೂ ಗಾಣದ ಹತ್ತಿರ. ನನ್ನನ್ನು ಮಾತ್ರ ಅಮ್ಮ
ಅಡುಗೆಮನೆಯಿಂದ ಕದಲಲು ಬಿಡಲಿಲ್ಲ.
ಇಡೀ ದಿನ ಒಲೆಯ ಪಕ್ಕದಲ್ಲಿ ಕೂರಿಸಿ
ಗಳಿಗೆಗೊಮ್ಮೆ ಬಾಯಿ ತೆರೆಸಿ ಗಂಟಲು ನೋಡಿದಳು.
ನಾನೇನೋ ಕದ್ದು ತಿಂದಿದ್ದೇನೆಂದು ಅನುಮಾನ ಪಟ್ಟಳು ಅಂದುಕೊಂಡೆ.
ರಾತ್ರಿ ನನ್ನ ಹಾಸಿಗೆಯಲ್ಲಿ ಕೂತಿದ್ದಳು, ಮಲಗಲಿಲ್ಲ.

ಮರುದಿನ ಹೆಗಲ ಮೇಲೆ ಚರ್ಮದ ಸುರುಳಿ ಹೊತ್ತು
ಊರೂರು ತಿರುಗುವ ಚಮ್ಮಾರ ಮುದುಕ ಬಂದ.
ಅಮ್ಮ ನನ್ನ ಬೂಟು ಬಿಚ್ಚಿಸಿ,
ಕಾಲನ್ನು ಕಂದು ಕಾಗದದ ಮೇಲೆ ಊರಿಸಿ,
ಪೆನ್ಸಿಲನ್ನು ಅವನಿಗೆ ಕೊಡದೆ ತಾನೇ ಬಗ್ಗಿ
ಸುತ್ತ ಗೆರೆ ಎಳೆದಳು.
ಕಚಗುಳಿಯಾಗಿ ನಕ್ಕೆ. “ಅಲುಗಬೇಡ” ಅಂದಳು.
ಹಿಮ್ಮಡಿಯ ಹತ್ತಿರ ಬಂದಾಗ ಅವಳ ಕೈಯೇ ಅಲುಗಿತು.
ಗೆರೆ ಅಲ್ಲಿ ಒಂದಿಷ್ಟು ಹೊರಗೆ ಹೋಗಿದೆ.

ಓರಿನ್ ಈಗ ವಿಸ್ಕಾನ್ಸಿನ್ನಿನಲ್ಲಿ ಗೋಧಿ ಬೆಳೆಯುತ್ತಾನೆ.
“ಪ್ರೀತಿಯ ಲೊವೀನಾ” ಎಂದೇ ಪತ್ರ ಶುರು.
ಯಾವ ಲೊವೀನಾ ಎಂದು ನಾನು ಕೇಳಿಲ್ಲ.
ಒಂದೊಂದು ಸಲ ಓದಿ ಮುಗಿಸಿ
ಕಲ್ಲಿನ ಹತ್ತಿರ ಹೋಗಿ ಇನ್ನೊಮ್ಮೆ ಗಟ್ಟಿಯಾಗಿ ಓದುತ್ತೇನೆ.

ಹೋದ ಚಳಿಗಾಲ ಅಮ್ಮ ತೀರಿದಳು.
ನೆಲ ಕರಗುವವರೆಗೆ ಕಾದೆವು. ಕಾಯುವುದು ಗೊತ್ತಿತ್ತು.
ಅವಳ ದಿನಚರಿಗಳ ಕಟ್ಟು ಬಿಚ್ಚಿ
ಆ ಅಕ್ಟೋಬರನ್ನು ಹುಡುಕಿದೆ.
ಹಾಳೆಗಳ ನಡುವೆ ಕಾಗದದ ಪುಟ್ಟ ಪಾದ.
ಅದರ ಎದುರು ಅವಳ ಮಸಿ:
“ಬುಧವಾರ. ಮೋಡ. ಲೊವೀನಾ ಎದ್ದಳು.
ಚರ್ಮಕ್ಕೆ ನಲವತ್ತು ಸೆಂಟು.”