ಲಕ್ಷ ಹೊಳೆ, ಒಂದು ಹೊಳೆ

ಬೊಂಬಾಲದಲ್ಲಿ ಜೂನ್ ಅಂದರೆ ಬೆರಳು ಮರಗಟ್ಟುವ ತಿಂಗಳು.
ನೊರೀನ್ ಟಲ್ಲಿ ಸಂಜೆ ನಾಲ್ಕೂವರೆಗೆ
ಮಡಚುವ ಕುರ್ಚಿ, ಫ್ಲಾಸ್ಕು, ಮೊಂಡು ಪೆನ್ಸಿಲು ಹಿಡಿದು
ಹೊಳೆದಂಡೆಯಲ್ಲಿ ಕೂರುತ್ತಾಳೆ.
ನೀರು ಉಂಗುರ ಬಿಟ್ಟರೆ ಒಂದು ಗೀಟು.
ಬಾತುಮೂತಿಯ ಪ್ರಾಣಿ ಉಸಿರಿಗೆ ಮೇಲೆ ಬಂದು
ಮುಳುಗಿದ್ದಕ್ಕೆ ಅಷ್ಟೇ ಸಾಕ್ಷಿ.
ಅದೇ ಪ್ಲಾಟಿಪಸ್ ಮತ್ತೆ ಬಂತೋ, ಇನ್ನೊಂದೋ,
ಉಂಗುರ ಹೇಳುವುದಿಲ್ಲ.

ನನಗೆ ತಲುಪುವುದು ಗೀಟು ಮಾತ್ರ.
ನಲವತ್ತು ಸಂಜೆ, ನೂರಾ ಆರು ಗೀಟು.
ಒಳಗೆ ಎಷ್ಟಿವೆ? ಕೇಳಿದ್ದಾರೆ ಕೌನ್ಸಿಲಿನವರು,
ಸೇತುವೆ ಕಟ್ಟುವ ಮೊದಲು.

ಅನ್ನ ಬೆಂದಿತೇ ಎಂದು ಒಂದು ಅಗುಳು ಹಿಚುಕುತ್ತಿದ್ದಳು ಅಮ್ಮ.
ನನ್ನದು ತಿರುಗುಮುರುಗು ಅಡುಗೆ:
ಅಗುಳು ಕೈಯಲ್ಲಿದೆ, ಪಾತ್ರೆ ಎಷ್ಟು ದೊಡ್ಡದು ಹೇಳಬೇಕು.
ನೋಡುವ ಮುಂಚೆ ಏನು ನಂಬಿದ್ದೆ ಎಂದು
ಬರೆದಿಡುವುದು ಈ ವಿದ್ಯೆಯ ನೇಮ.
ಬರೆದೆ: ಎರಡರಿಂದ ನಲವತ್ತು, ಯಾವುದರ ಮೇಲೂ ಮುಲಾಜಿಲ್ಲ.
ಸೂತ್ರಕ್ಕೆ ಕೂತರೆ ಹಾಳೆ ತುಂಬಿ ಮೇಜಿಗಿಳಿಯಿತು.
ಹೊಳೆಯನ್ನು ಬರೆಯಲಾರೆ; ಹರಿಸಬಲ್ಲೆ.

ಹರಿಸಿದೆ.
ಮೂರು ಪ್ರಾಣಿಯ ಹೊಳೆ, ಮೂವತ್ತರ ಹೊಳೆ,
ಮಂಜು ಕವಿದದ್ದು, ಕೆಸರೆದ್ದದ್ದು,
ನೊರೀನ್ ತೂಕಡಿಸಿದ ಸಂಜೆಗಳದ್ದು,
ರಾತ್ರಿಯಿಡೀ ಲಕ್ಷ ಹೊಳೆ, ಹನಿ ನೀರಿಲ್ಲದೆ.
ಒಂದೊಂದರ ಗೀಟನ್ನೂ ನರಜಾಲಕ್ಕೆ ಉಣಿಸಿ
ಇದರ ಹಿಂದೆ ಎಷ್ಟಿತ್ತು ಹೇಳು ಎಂದು
ತಪ್ಪಿದಾಗೆಲ್ಲ ಕಿವಿ ಹಿಂಡಿ,
ಬೆಳಗಿನ ಜಾವಕ್ಕೆ ಅದು ಕಣಿ ಹೇಳುವಷ್ಟು ಪಳಗಿತು.

ಆಮೇಲೆ ನಿಜದ ಹೊಳೆಯನ್ನು ಮುಂದಿಟ್ಟೆ.
ಹನ್ನೊಂದು, ಅಂದಿತು. ಹೆಚ್ಚೆಂದರೆ ಹನ್ನೆರಡು.
ಪರದೆಯ ಮೇಲೆ ಸೂಜಿಮೊನೆಯಂಥ ಗುಡ್ಡ.

ನೊರೀನ್ ಚಹಾ ಊದುತ್ತಾ ನೋಡಿದಳು.
"ನಿನ್ನ ಹೊಳೆಗಳಲ್ಲಿ ಸಿಗಡಿ ಬಲೆ ಇದೆಯಾ?
ಆಚೆ ತಿರುವಿನಲ್ಲಿ ಹುಡುಗರು ಬಿಟ್ಟುಹೋಗುತ್ತಾರೆ.
ಒಳಹೊಕ್ಕಿದ್ದು ಹೊರಬರಲಾರದೆ ಉಸಿರುಗಟ್ಟುತ್ತದೆ.
ಜನವರಿಯಲ್ಲಿ ಒಂದನ್ನು ನಾನೇ ಬಿಡಿಸಿದೆ,
ಅಂಗೈ ಮೇಲೆ ತಣ್ಣಗೆ, ಒದ್ದೆ ಕೈಗವಸಿನ ಹಾಗೆ."

ಇರಲಿಲ್ಲ.
ಲಕ್ಷದಲ್ಲಿ ಒಂದರಲ್ಲೂ ಇರಲಿಲ್ಲ.
ಲಕ್ಷ ಬಾವಿ ಕಂಡ ಕಪ್ಪೆ ಅದು;
ಅಷ್ಟನ್ನೂ ತೋಡಿದವಳು ನಾನೇ.

ಬಲೆ ಸೇರಿಸಿ ಮತ್ತೆ ಹರಿಸಿದೆ, ಮೂರು ರಾತ್ರಿ.
ಗುಡ್ಡ ಕುಸಿದು ಬಯಲಾಯಿತು:
ನಾಲ್ಕೂ ಇರಬಹುದು, ಹದಿನೇಳೂ ಇರಬಹುದು.
ಒಂದು ಸಂಖ್ಯೆ ಕೊಡಿ, ಎಂದರು ಕೌನ್ಸಿಲಿನವರು.
ಆ ಅಗಲವೇ ಉತ್ತರ ಎಂದು ಬರೆದು ಕಳಿಸಿದೆ.

ಶನಿವಾರ ನೊರೀನ್ ಜೊತೆ ತಿರುವಿಗೆ ಹೋದೆ,
ಅವಳ ಗಂಡನ ಬೂಟು ಹಾಕಿಕೊಂಡು.
ಎರಡು ಬಲೆ ಸಿಕ್ಕವು, ಖಾಲಿ.
ಮೂರನೆಯದರ ಹಗ್ಗ ಬೇರಿಗೆ ಬಿಗಿದಿತ್ತು.
ಎಳೆದೆವು.
ಬರೀ ಹಗ್ಗ ಬಂತು.