ಚಕ್ಕುಬಂದಿ

ಇಪ್ಪತ್ತೊಂಬತ್ತು ವರ್ಷದಿಂದ ನಾನು ಪತ್ರ ಬರೆಯುವವಳು.
ಶಿವಮೊಗ್ಗದ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲಿಗೆ
ನನ್ನ ಚಪ್ಪಲಿಯ ಗುರುತಿದೆ.
ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ಸರ್ಕಾರಿ ರಸ್ತೆ,
ಉತ್ತರಕ್ಕೆ ಚರಂಡಿ, ದಕ್ಷಿಣಕ್ಕೆ ಮಾರುವವರೇ ಉಳಿಸಿಕೊಂಡ ಸ್ವತ್ತು,
ಈ ಮಧ್ಯೆ ಇರುವ ಮೂವತ್ತು ನಲವತ್ತರ ಜಾಗ
ಎಂದು ಎಷ್ಟು ಸಾವಿರ ಸಲ ಟೈಪು ಮಾಡಿದ್ದೇನೋ.
ಬೆರಳಿಗೆ ಗೊತ್ತು, ಕಣ್ಣು ಬೇಕಿಲ್ಲ.

ಮೊನ್ನೆ ರಾತ್ರಿ ಒಂದು ಕ್ರಯಪತ್ರ ಕಳಿಸಿದರೆ ಹೋಗಲೊಲ್ಲದು.
ತೆರೆಯ ನಡುವೆ ಸಣ್ಣ ಚಕ್ರ
ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇದೆ.
ಕೇಬಲ್ ಆಫೀಸಿನ ತಿಪ್ಪೇಶಿಗೆ ಫೋನು ಮಾಡಿದೆ.
“ಎಷ್ಟು ಜನ ಹತ್ಕೊಂಡಿದಾರೆ ನೋಡಿ ಮೇಡಂ” ಅಂದ,
ಸಾಗರದ ಬಸ್ಸಿನ ಕಂಡಕ್ಟರನ ದನಿಯಲ್ಲಿ.

ನೋಡಿದೆ. ಹನ್ನೊಂದು.
ಮನೆಯಲ್ಲಿರುವುದು ನಾನು, ತಂಗಿ ಐರಿನ್.
ನನ್ನ ಫೋನು, ಅವಳದು, ಕಂಪ್ಯೂಟರು, ಟೀವಿ.
ಉಳಿದ ಏಳನ್ನು ಜೋರಾಗಿ ಓದಿದೆ,
ಕೋರ್ಟಿನಲ್ಲಿ ಸಾಕ್ಷಿ ಕೂಗುವಂತೆ:
ರೆಡ್ಮಿ, ವಿವೋ, ಗ್ಯಾಲಕ್ಸಿ, ಮತ್ತೊಂದು ವಿವೋ,
‘ಬಾಸ್ ಧನು’, ‘ನಂಗೇನ್ ಗೊತ್ತು’,
ಕೊನೆಗೆ ಬರೀ ಅಂಕಿ, ಚುಕ್ಕಿ, ಅಂಕಿ, ಚುಕ್ಕಿ,
ತಲೆಬುಡವಿಲ್ಲದ ಒಂದು ಹೆಸರು.
ಯಾರೂ ಹಾಜರ್ ಅನ್ನಲಿಲ್ಲ.

ಕದ್ದರು ಅಂತ ಹೇಗೆ ಹೇಳಲಿ?
ಪಾಸ್‌ವರ್ಡು ಒಂದರಿಂದ ಎಂಟು.
ಡಬ್ಬಿ ಕೂರಿಸಿದ ದಿನ ಹಾಗಿತ್ತು, ಹಾಗೇ ಬಿಟ್ಟೆ.
ಊರಿಗೆಲ್ಲ ಚಕ್ಕುಬಂದಿ ಬರೆದವಳು
ಮನೆಯೊಳಗಿನ ಗಾಳಿಗೆ ಬರೆದಿರಲಿಲ್ಲ.
ಅದು ಪೂರ್ವಕ್ಕೆ ಬೇಕರಿಯ ಹಿಂಬಾಗಿಲು ಹೊಕ್ಕು,
ಪಶ್ಚಿಮಕ್ಕೆ ರಸ್ತೆ ದಾಟಿ ಆಟೋದವರ ಕಲ್ಲುಬೆಂಚಿಗೆ ಹೋಗಿ,
ಉತ್ತರಕ್ಕೆ ಚರಂಡಿ ಹಾರಿ ಟೀಚರ ಅಡುಗೆಮನೆಯಲ್ಲಿ ಕೂತು,
ದಕ್ಷಿಣಕ್ಕೆ ಎಲ್ಲಿಯವರೆಗೋ, ಅಳೆದವರಿಲ್ಲ.

“ಅವರು ಏನು ಮಾಡಿದ್ರೂ ಬರೋದು ನಿಮ್ಮ ಹೆಸರಿಗೇ” ಅಂದ ತಿಪ್ಪೇಶಿ.
ಅಲ್ಲಿ ನನ್ನ ಬೆನ್ನು ತಣ್ಣಗಾಯಿತು.
ಖಾಲಿ ಛಾಪಾ ಕಾಗದಕ್ಕೆ ರುಜು ಹಾಕಿ
ಗಾಂಧಿಬಜಾರಿನಲ್ಲಿ ಕಲ್ಲು ಹೇರಿ ಇಟ್ಟು ಬಂದಂತೆ,
ಇಷ್ಟು ದಿನ.

ಹೊಸ ಗುಟ್ಟು ಬೇಕಾಯಿತು.
ಹೆಸರು ಬೇಡ, ಹುಟ್ಟಿದ ತಾರೀಕು ಬೇಡ,
ಡಬ್ಬಿಯೊಳಗಿನ ‘ಅಡ್ಮಿನ್’ಗೂ ಬೇರೆ ಬೀಗ, ಅಂದ.
ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದೆ.
(ಇಲ್ಲಿ ಬರೆಯುವುದಿಲ್ಲ.)
ಐರಿನ್ ಮಾತ್ರ ಚೀಟಿಯಲ್ಲಿ ಗೀಚಿ
ಬೈಬಲ್ಲಿನ ನಡುವೆ ಇಟ್ಟಳು, ಜ್ಞಾನೋಕ್ತಿಗಳ ಹತ್ತಿರ.
ಹನ್ನೊಂದು ಇದ್ದದ್ದು ನಾಲ್ಕಾಯಿತು.
ಕ್ರಯಪತ್ರ ಸರ್ರನೆ ಹೋಯಿತು.

ಬೆಳಿಗ್ಗೆ ಕುಸುಮಾಕ್ಷಿ ಟೀಚರ್, ಕೈಯಲ್ಲಿ ಸ್ಟೀಲ್ ಬಟ್ಟಲು,
“ಒಂಚೂರು ಹೆಪ್ಪಿದೆಯಾ?”
ಕೊಟ್ಟೆ. ಮೆಟ್ಟಿಲಿಳಿದವರು ತಿರುಗಿ ನಿಂತರು:
“ರಾತ್ರಿಯಿಂದ ನಿಮ್ಮ ನೆಟ್ಟು ಸರಿ ಇಲ್ಲ ಕಣ್ರೀ,
ಯಾರಿಗಾದ್ರೂ ಹೇಳಿ ನೋಡಿಸಬಾರದಾ?
ಪಾಪ, ನಿಮಗೂ ಕೆಲಸಕ್ಕೆ ಎಷ್ಟು ತೊಂದರೆ!”
ಆ ಮುಖದಲ್ಲಿ ಕಳ್ಳತನ ಹುಡುಕಿದೆ.
ಇದ್ದದ್ದು ಕಾಳಜಿ, ನಿಜವಾದದ್ದು.
ಒಂದು ಚಮಚ ಹೆಪ್ಪಿಗೆ ಬಾಗಿಲು ತಟ್ಟುವವರು
ಇದಕ್ಕೆ ಯಾಕೆ ತಟ್ಟಲಿಲ್ಲ?
ಕಣ್ಣಿಗೆ ಕಾಣದ್ದನ್ನು ಯಾವ ಬಟ್ಟಲಲ್ಲಿ ಕೇಳುವುದು?

ಬೇಕರಿಯ ಹುಡುಗ ಆವತ್ತು ಬನ್ನಿನ ಪೊಟ್ಟಣ ಕೊಡುವಾಗ
ನನ್ನನ್ನು ನೋಡಲಿಲ್ಲ. ನೀನೇನಾ ಧನು? ಕೇಳಲಿಲ್ಲ ನಾನೂ.

ಮಧ್ಯಾಹ್ನ ನಲ್ಲಿ ಕೆಮ್ಮಿತು, ನಿಂತಿತು.
ಮುಖದ ತುಂಬ ಸೋಪು ಮೆತ್ತಿಕೊಂಡು
ಐರಿನ್ ಬಚ್ಚಲಿಂದ ಕೂಗಿದಳು.
ಟ್ಯಾಂಕು ತುಂಬಿಸುವ ಮೋಟಾರಿಗೆ ಅವಳೇ ಹಾಕಿಸಿದ ಸ್ವಿಚ್ಚು,
ಹೋದ ದೀಪಾವಳಿಯ ಆಫರಿನಲ್ಲಿ ತಂದದ್ದು,
ತಲೆಬುಡವಿಲ್ಲದ ಆ ಹೆಸರು ಅದರದೇ.
ಮನೆಯವನನ್ನೇ ಹೊರಗೆ ಹಾಕಿ ಅಗುಳಿ ಹಾಕಿದ್ದೆ.

ಸಂಜೆ ಟೀಚರ್ ಮತ್ತೆ ಬಂದರು,
ಬಟ್ಟಲಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ,
ಇನ್ನೊಂದು ಕೈಯಲ್ಲಿ ಸುಮ್ಮನಿರುವ ಫೋನು.
ಏನೂ ಕೇಳಲಿಲ್ಲ. ಬಾಗಿಲಲ್ಲೇ ನಿಂತರು.
ನಾಲ್ಕೂ ಪದ ನನ್ನ ನಾಲಿಗೆಯ ತುದಿಗೆ ಬಂದವು.

“ಮಿಡಿ ಎಲ್ಲಿಯದು, ರಿಪ್ಪನ್‌ಪೇಟೆಯದಾ?” ಅಂದೆ.